ಕ್ರಿಸ್ಮಸ್ ಉಡುಗೊರೆ ಲೇವಾದೇವಿಯಾಗದಿರಲಿ

ಪೂರ್ವದೇಶದ ಜ್ಞಾನಿಗಳು ಬಾಲಯೇಸುವಿಗೆ ಚಿನ್ನ, ಧೂಪ, ರಕ್ತಬೋಳಗಳನ್ನು ಅರ್ಪಿಸಿದರೆಂದು ಮತ್ತಾಯನ ಸುವಾರ್ತೆ ಹೇಳುತ್ತದೆ. ಚಿನ್ನ ಅರಸುತನಕ್ಕೆ, ಧೂಪ ದೈವತ್ವಕ್ಕೆ, ಶವಸಂಸ್ಕಾರದಲ್ಲಿ ಬಳಸುತ್ತಿದ್ದ ರಕ್ತಬೋಳ ಬಲಿದಾನಕ್ಕೆ ಸಂಕೇತವೆಂಬುದು ಕ್ರೈಸ್ತ ಪರಂಪರೆಯ ವ್ಯಾಖ್ಯಾನ. ಆ ಬಡ ಮನೆಯಿಂದ ಮರುಉಡುಗೊರೆ ಬರುವಂತಿರಲಿಲ್ಲ. ದೇವರೇ ತನ್ನ ಮಗನನ್ನು ಲೋಕಕ್ಕೆ ಕೊಟ್ಟನೆಂಬ ನಂಬಿಕೆ ಕ್ರಿಸ್ಮಸ್‌ನ ತಿರುಳು; ಆ ಕೊಡುಗೆಯನ್ನು ಯಾರೂ ಹಿಂದಿರುಗಿಸಲಾರರು.

ಮುಂಬಯಿಯ ಮಂಗಳೂರು ಕ್ರೈಸ್ತರು ಜಾತಿಮತ ನೋಡದೆ ನೆರೆಮನೆಗಳಿಗೆ ಕುಸ್ವಾರ್ ತಟ್ಟೆ ಕಳುಹಿಸುವ ವಾಡಿಕೆಯಲ್ಲಿ ಈ ಭಾವ ಉಳಿದಿದೆ. ಆದರೆ ಕೊಟ್ಟವರಿಗಷ್ಟೇ ಕೊಡುವ, ಬೆಲೆ ತೂಗಿ ನೋಡುವ ಲೆಕ್ಕಾಚಾರವೂ ಬೆಳೆಯುತ್ತಿದೆ. ಮರಳಿ ಔತಣ ಕೊಡಲಾಗದ ಬಡವರನ್ನೇ ಊಟಕ್ಕೆ ಕರೆಯಬೇಕೆಂದು ಯೇಸು ಬೋಧಿಸಿದ್ದರು. ಮೊದಲ ತಟ್ಟೆ ಕಟ್ಟಡದ ಕಾವಲುಗಾರನಿಗೆ, ಕಸ ಒಯ್ಯುವವರಿಗೆ ತಲುಪಿದರೆ ಹಬ್ಬ ಸಾರ್ಥಕ.