ನಕ್ಷೆಯನ್ನು ಓದುವ ಬಗೆ

ಕಲ್ಲೊಂದನ್ನು ಸೆಕೆಂಡಿಗೆ 19.6 ಮೀಟರ್ ವೇಗದಿಂದ ನೆಟ್ಟಗೆ ಮೇಲಕ್ಕೆಸೆದೆವೆನ್ನೋಣ. ಗಾಳಿಯ ತಡೆಯನ್ನು ಗಣಿಸದಿದ್ದರೆ 1, 2, 3, 4 ಸೆಕೆಂಡುಗಳ ಕೊನೆಗೆ ಅದರ ಎತ್ತರವು ಕ್ರಮವಾಗಿ 14.7, 19.6, 14.7, 0 ಮೀಟರ್. ಎತ್ತರಕ್ಕೂ ಕಾಲಕ್ಕೂ ನಕ್ಷೆ ಬರೆದರೆ ಪರವಲಯವು ದೊರೆಯುತ್ತದೆ. ಇದನ್ನು ಕಂಡೊಡನೆ ನಮ್ಮ ಕಾಲೇಜು ತರಗತಿಗಳಲ್ಲಿಯೂ ಹಲವರು ಕಲ್ಲು ಬಾಗಿದ ಹಾದಿಯಲ್ಲಿ ಹೋಯಿತೆನ್ನುತ್ತಾರೆ! ಕಲ್ಲಾದರೋ ಏರಿದ ದಾರಿಯಲ್ಲೇ ಇಳಿಯಿತು. ಅಡ್ಡ ಅಕ್ಷದ ಮೇಲೆ ನಾವು ಗುರುತಿಸಿದುದು ಕಾಲವನ್ನು. ಒಂದೊಂದು ಕ್ಷಣಕ್ಕೂ ಒಂದೇ ಎತ್ತರವೆಂಬ ಈ ಸಂಬಂಧವೇ ಫಲನ. ತಿರುಗಿಸಿ ಕೇಳಿದರೆ ಅದು ನಿಲ್ಲದು; 14.7 ಮೀಟರಿಗೆ ಕ್ಷಣಗಳು ಎರಡು. ಪ್ರೌಢಶಾಲೆಯಲ್ಲಿ ಬಿಂದುಗಳನ್ನು ನಯವಾಗಿ ಜೋಡಿಸಿದರೆ ಸಾಕು, ಅಂಕಗಳು ಬರುತ್ತವೆ. 2ನೆಯ ಸೆಕೆಂಡಿನ ಬಳಿ ಗೆರೆಯು ಮಟ್ಟಸವಾದುದೇಕೆಂದು ವಿದ್ಯಾರ್ಥಿಯಿಂದ ಒಂದು ವಾಕ್ಯವನ್ನಾದರೂ ಬರೆಯಿಸಿದ ಮೇಲೆಯೇ ಆ ಅಂಕಗಳನ್ನು ಕೊಡಬೇಕೆಂಬುದು ನಮ್ಮ ಅಭಿಪ್ರಾಯ.