ಸುಮ್ಮನಿರುವ ಲೈಬ್ರರಿಗಿಂತ ಬೈಯುವ ಲೈಬ್ರರಿ ಮೇಲು

ಎರರ್ ಬಂದರೆ ಬೇಜಾರಾಗುವವರೇ ಜಾಸ್ತಿ. ನನಗೆ ಎರರ್ ಬರದಿದ್ದರೇ ಭಯ. ಡಾಟ್‌ನೆಟ್‌ನಲ್ಲಿ ಡಿಎಲ್‌ಎಲ್ ಒಳಗೆ ಚಿತ್ರಗಳನ್ನು ತುಂಬಿಟ್ಟು, ಅದನ್ನು ನಾಲ್ಕಾರು ಪ್ರಾಜೆಕ್ಟ್‌ಗಳಲ್ಲಿ ಬಳಸಿದವರಿಗೆ ನಾನು ಹೇಳೋದು ಅರ್ಥವಾಗುತ್ತೆ.

ಹಾಗೆ ತುಂಬಿಟ್ಟ ಚಿತ್ರವನ್ನು ಹೊರತೆಗೆಯಲು ಗೆಟ್‌ಮ್ಯಾನಿಫೆಸ್ಟ್‌ರಿಸೋರ್ಸ್‌ಸ್ಟ್ರೀಮ್ ಅಂತ ಒಂದು ಫಂಕ್ಷನ್ ಇದೆ. ಕೇಳಿದ ಹೆಸರು ಸಿಗದಿದ್ದರೆ ಅದು ಕೂಗಾಡುವುದಿಲ್ಲ, ಮೆತ್ತಗೆ ನಲ್ ಕೊಟ್ಟು ಕೈ ತೊಳೆದುಕೊಳ್ಳುತ್ತೆ. ಆ ನಲ್ ಹಿಡಿದು ಬಿಟ್‌ಮ್ಯಾಪ್ ಮಾಡಹೊರಟಾಗ ಪ್ರೋಗ್ರಾಂ ಮುಗ್ಗರಿಸುತ್ತೆ. ತಪ್ಪು ಹೆಸರಿನದ್ದು, ದೂರು ಬಿಟ್‌ಮ್ಯಾಪ್ ಮೇಲೆ! ಕೆಲವರಂತೂ ಟ್ರೈ-ಕ್ಯಾಚ್ ಹಾಕಿ ಅದನ್ನೂ ಮುಚ್ಚಿಬಿಡುತ್ತಾರೆ. ಆಗ ಬಟನ್ ಮೇಲೆ ಚಿತ್ರವೂ ಇಲ್ಲ, ಲಾಗ್‌ನಲ್ಲಿ ಒಂದಕ್ಷರವೂ ಇಲ್ಲ.

ಹೆಸರು ತಪ್ಪುವುದು ಎಷ್ಟು ಸುಲಭ ನೋಡಿ. ಫೈಲ್ 'ಲೋಗೋ.ಪಿಎನ್‌ಜಿ' ಆದರೂ ಒಳಗಿನ ಹೆಸರು ಸಾಮಾನ್ಯವಾಗಿ ಪ್ರಾಜೆಕ್ಟ್‌ನ ಡೀಫಾಲ್ಟ್ ನೇಮ್‌ಸ್ಪೇಸ್, ಫೋಲ್ಡರ್, ಫೈಲ್ ಮೂರನ್ನೂ ಚುಕ್ಕಿಯಿಂದ ಪೋಣಿಸಿದ್ದು. ಫೋಲ್ಡರ್ ಹೆಸರಲ್ಲಿ ಹೈಫನ್ ಇದ್ದರೆ ಅದು ಅಂಡರ್‌ಸ್ಕೋರ್ ಆಗಿರುತ್ತೆ. ಕ್ಯಾಪಿಟಲ್, ಸ್ಮಾಲ್ ಒಂದಕ್ಷರ ಬದಲಾದರೂ ಸಿಗೋಲ್ಲ. ಬಿಲ್ಡ್ ಆಕ್ಷನ್ 'ಎಂಬೆಡೆಡ್ ರಿಸೋರ್ಸ್' ಆಗಿರಬೇಕು; ಬರೀ 'ರಿಸೋರ್ಸ್' ಅಂದರೆ ಅದು ಡಬ್ಲ್ಯೂಪಿಎಫ್‌ನ ಬೇರೆಯೇ ದಾರಿ. ಇಷ್ಟೆಲ್ಲ ಸರಿಯಿದ್ದೂ ಗೆಟ್‌ಎಂಟ್ರಿಅಸೆಂಬ್ಲಿ ಬಳಸಿದರೆ ಹುಡುಕಾಟ ಡಿಎಲ್‌ಎಲ್ ಬಿಟ್ಟು ಇಎಕ್ಸ್‌ಇ ಒಳಗೆ ನಡೆಯುತ್ತೆ. ಪಕ್ಕದ ಮನೆ ಬೀರುವಿನಲ್ಲಿ ನಮ್ಮ ಸೀರೆ ಹುಡುಕಿದ ಹಾಗೆ.

"ಗೆಟ್‌ಮ್ಯಾನಿಫೆಸ್ಟ್‌ರಿಸೋರ್ಸ್‌ನೇಮ್ಸ್ ಕರೆದು ಪಟ್ಟಿ ನೋಡಿದರೆ ಐದು ನಿಮಿಷದ ಕೆಲಸ ಅಲ್ವಾ?" ಅನ್ನಬಹುದು. ನಿಜ, ಗೊತ್ತಿದ್ದವರಿಗೆ. ಆದರೆ ಲೈಬ್ರರಿ ಬಳಸುವವರು ಅದನ್ನು ಬರೆದವರಲ್ಲವಲ್ಲ! ನಮ್ಮ ಟೀಮಿಗೆ ಹೊಸದಾಗಿ ಬಂದ ಹುಡುಗಿ ಇಂಥದೇ ಖಾಲಿ ಬಟನ್ ಮುಂದೆ ಎರಡು ದಿನ ಕೂತಿದ್ದಳು. ಲೈಬ್ರರಿ ಬರೆದವರು ಕೆಲಸ ಬಿಟ್ಟು ಹೋಗಿಯಾಗಿತ್ತು. ಮೀಟಿಂಗಿನಲ್ಲಿ ಬಂದ ಪ್ರಶ್ನೆ, "ಒಂದು ಐಕಾನ್ ಹಾಕೋಕೆ ಎರಡು ದಿನವಾ?" ಲೈಬ್ರರಿ ಬಾಯಿ ಬಿಡದ್ದಕ್ಕೆ ಮಾತು ಕೇಳಬೇಕಾಗಿ ಬಂದದ್ದು ಅವಳು.

ಅದಕ್ಕೇ ನನ್ನ ವಾದ ಇಷ್ಟೇ. ಹಂಚಿ ಬಳಸುವ ಲೈಬ್ರರಿ ಬರೆಯುವವರು ಈ ಉದ್ದುದ್ದ ಹೆಸರುಗಳನ್ನು ಬಳಸುವವರ ತಲೆಗೆ ಕಟ್ಟಬಾರದು. ಲೈಬ್ರರಿಯೊಳಗೇ ಒಂದು ಫಂಕ್ಷನ್ ಇರಲಿ. ಅದು ಟೈಪ್‌ಆಫ್ ಮೂಲಕ ತನ್ನದೇ ಅಸೆಂಬ್ಲಿ ಹಿಡಿದು ಹುಡುಕಲಿ. ನಲ್ ಬಂದ ಕ್ಷಣವೇ ಎಕ್ಸೆಪ್ಶನ್ ಎಸೆಯಲಿ. ಕೇಳಿದ ಹೆಸರು, ಒಳಗಿರುವ ಹೆಸರುಗಳ ಪಟ್ಟಿ ಎರಡೂ ಅದರಲ್ಲಿರಲಿ. ಹೆಚ್ಚೆಂದರೆ ಹತ್ತು ಸಾಲಿನ ಕೋಡ್. ಜತೆಗೆ ಎಲ್ಲ ಚಿತ್ರಗಳನ್ನೂ ತೆರೆದು ನೋಡುವ ಒಂದು ಟೆಸ್ಟ್ ಇದ್ದರೆ, ಯಾರೋ ಫೋಲ್ಡರ್ ಹೆಸರು ಬದಲಿಸಿದ ದಿನವೇ ಗೊತ್ತಾಗುತ್ತೆ.

ಒಂದು ಚಿತ್ರಕ್ಕೋಸ್ಕರ ಪ್ರೋಗ್ರಾಂ ನಿಲ್ಲಬೇಕಾ ಅಂತೀರಾ? ಗ್ರಾಹಕರ ಮುಂದೆ ಬೇಡ. ಅಲ್ಲಿ ಆ ಎಕ್ಸೆಪ್ಶನ್ ಹಿಡಿದು ಲಾಗ್‌ನಲ್ಲಿ ಬರೆದು ಮುಂದೆ ಹೋಗಲಿ. ಆದರೆ ನಮ್ಮ ಮುಂದೆ ಮಾತ್ರ ಜೋರಾಗಿಯೇ ಬೈಯಲಿ.

ಏನಂತೀರಿ?