ಮೊಣಕಾಲಿನ ಕೆಳಗಿನ ಗಾಯ

ಮೈಮೇಲಿನ ಗಂಟನ್ನೋ, ಅಂಗಾಲಿನ ಆಣಿಯನ್ನೋ, ಬಹುಕಾಲದಿಂದ ಕಾಡುತ್ತಿದ್ದ ನರುಲಿಯನ್ನೋ ಕೊಯ್ದು ತೆಗೆದು ನಾಲ್ಕು ಹೊಲಿಗೆ ಹಾಕುವ ಕಾರ್ಯವನ್ನು ಶಸ್ತ್ರಚಿಕಿತ್ಸೆಯೆಂಬ ಗಂಭೀರವಾದ ಹೆಸರಿನಿಂದ ಕರೆಯಲು ನಮ್ಮ ಜನ ಒಪ್ಪುವುದಿಲ್ಲ. ಬೆಳಿಗ್ಗೆ ದವಾಖಾನೆಗೆ ಹೋದವನು ಮಧ್ಯಾಹ್ನದ ಬಸ್ಸಿಗೆ ಊರು ಸೇರಬಹುದಾದ ಕೆಲಸವದು. ಆದರೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎರೆನೆಲದಲ್ಲಿ ದುಡಿದು ಬಾಳುವವರಿಗೆ ಈ ಅಲ್ಪಕಾರ್ಯದ ನಿಜವಾದ ಪರೀಕ್ಷೆ ತೊಡಗುವುದು ಬಸ್ಸಿಳಿದ ಮೇಲೆಯೇ. ಕೆಲವು ದಿನಗಳಲ್ಲಿ ಹೊಲಿಗೆಯ ಸುತ್ತ ಕೆಂಪೇರಿ, ಬಾವು ಕಾಣಿಸಿ, ಮುಟ್ಟಿದರೆ ಬಿಸಿಯೆನಿಸಿ, ದಾರ ಹಾಯ್ದ ರಂಧ್ರಗಳಿಂದ ಕೀವು ಜಿನುಗತೊಡಗಿದಾಗ, ಮನೆಯವರು ಮೊದಲು ವಿಚಾರಿಸುವುದು ರೋಗಿಯು ಏನನ್ನು ಉಂಡನೆಂಬುದನ್ನು.

ಬದನೆಕಾಯಿ ನಂಜು, ನೀರು ಸೋಕಿದರೆ ನಂಜು ಎಂಬ ನಂಬಿಕೆಗಳಿಗೆ ನಮ್ಮಲ್ಲಿರುವ ಮನ್ನಣೆಯ ಕಾಲುಭಾಗವಾದರೂ ಗಾಯವು ದೇಹದ ಯಾವ ಭಾಗದಲ್ಲಿದೆಯೆಂಬ ಪ್ರಶ್ನೆಗೆ ದೊರೆತಿದ್ದರೆ ಎಷ್ಟೋ ಸಂಕಟ ತಪ್ಪುತ್ತಿತ್ತೆಂದು ನಾನು ಭಾವಿಸುತ್ತೇನೆ. ಮೊದಲು ನೀರಿನ ಮಾತನ್ನೇ ನೋಡೋಣ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ಪ್ರಾಂತದ ವೈದ್ಯರು ಚರ್ಮದ ಸಣ್ಣ ಶಸ್ತ್ರಕ್ರಿಯೆಗೊಳಗಾದ 857 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರಿಗೆ ಪಟ್ಟಿ ಬಿಚ್ಚಿ ಎಂದಿನಂತೆ ಸ್ನಾನ ಮಾಡಲು ಹೇಳಿ, ಇನ್ನೊಂದು ಗುಂಪಿನವರಿಗೆ ಎರಡು ದಿನ ಗಾಯವನ್ನು ಒದ್ದೆ ಮಾಡದಿರಲು ಹೇಳಿ, ಫಲಿತಾಂಶವನ್ನು 2006ರಲ್ಲಿ ಪ್ರಕಟಿಸಿದರು: ನೀರು ಸೋಕಿದವರಲ್ಲಿ ಸೋಂಕು ಶೇಕಡಾ 8.4, ಸೋಕದವರಲ್ಲಿ 8.9. ಅಲ್ಲಿಯದು ನಲ್ಲಿಯ ಶುದ್ಧೋದಕವೆಂಬುದನ್ನು ಮರೆಯಬಾರದು. ಬೇಸಿಗೆಯ ಭೀಮಾ ನದಿಯ ಮಡುವಿನಲ್ಲಿ ಎಮ್ಮೆಗಳೊಡನೆ ಮೀಯುವುದಕ್ಕೆ ಇದನ್ನು ಪ್ರಮಾಣವಾಗಿ ಹಿಡಿಯತಕ್ಕದ್ದಲ್ಲ.

ಅದೇ ವರ್ಷ ಪ್ರಕಟವಾದ, ಅದೇ ದೇಶದ ಇನ್ನೊಂದು ಅಧ್ಯಯನವು ನಮ್ಮ ಸೀಮೆಗೆ ಹೆಚ್ಚು ಸಂಬಂಧಪಟ್ಟದ್ದು. ಮುಂಜಾಗ್ರತೆಯ ಆಂಟಿಬಯೋಟಿಕ್ ಕೊಡದೆಯೇ 2,424 ರೋಗಿಗಳ 5,091 ಚರ್ಮದ ಗಂಟು-ಗಾಯಗಳಿಗೆ ಶಸ್ತ್ರಕ್ರಿಯೆ ನಡೆಸಿದಾಗ ಒಟ್ಟಾರೆ ಸೋಂಕು ಶೇಕಡಾ ಒಂದೂವರೆಯನ್ನೂ ಮುಟ್ಟಲಿಲ್ಲ. ಆದರೆ ಮೊಣಕಾಲಿನ ಕೆಳಗೆ ಕೊಯ್ದ ಗಾಯಗಳಲ್ಲಿ ಅದು ಸುಮಾರು ಏಳಕ್ಕೆ ಏರಿತು, ತೊಡೆಯ ಸಂದಿನಲ್ಲಿ ಹತ್ತಕ್ಕೆ. ಕಾಲಿನಿಂದ ರಕ್ತವು ಮೇಲಕ್ಕೆ ಮರಳುವುದು ನಿಧಾನ, ನಿಂತಷ್ಟೂ ಬಾವು ಹೆಚ್ಚು, ಅಲ್ಲಿಯ ಚರ್ಮವು ಬಿಗಿಯಾದುದರಿಂದ ಹೊಲಿಗೆಯ ಮೇಲಿನ ಎಳೆತವೂ ಹೆಚ್ಚು. ಬೂಟು ಧರಿಸಿ ನಡೆಯುವವರ ನಾಡಿನಲ್ಲಿಯೇ ಕಾಲಿನ ಗತಿ ಇದಾದರೆ, ಕೊಯ್ದ ತೊಗರಿಯ ಕೂಳೆಗಳು ಮೊಳೆಗಳಂತೆ ನಿಂತ ಹೊಲದಲ್ಲಿ ಬರಿಗಾಲಿನಲ್ಲಿ ತಿರುಗುವ ಆಳಂದದ ಕೂಲಿಯ, ಅಫಜಲಪುರದ ಕಬ್ಬಿನ ಗದ್ದೆಯಲ್ಲಿ ಕೆಸರು ತುಳಿಯುವ ಹೆಣ್ಣುಮಗಳ ಗತಿಯನ್ನು ಊಹಿಸಬಹುದು. ಬೆಳಿಗ್ಗೆ ಕಟ್ಟಿದ ಬಿಳಿಯ ಪಟ್ಟಿಯು ಸಂಜೆಯ ಹೊತ್ತಿಗೆ ಎರೆಮಣ್ಣು ಮೆತ್ತಿ ಕಪ್ಪಾಗಿ, ಬೆವರಿನಿಂದ ತೊಯ್ದು, ಅಂಚುಗಳು ಗಡುಸಾಗಿ, ಅದರ ಮೇಲೊಂದು ಪ್ಲಾಸ್ಟಿಕ್ ಚೀಲವನ್ನು ದಾರದಿಂದ ಬಿಗಿದಿರುವುದನ್ನು ಸಂತೆಯ ದಿನ ಎಲ್ಲಿ ಬೇಕಾದರೂ ಕಾಣಬಹುದು. ಆ ಚೀಲದೊಳಗೆ ಗಾಯವು ಬೆಂದಂತಾಗುತ್ತದೆಯೇ ಹೊರತು ಅದಕ್ಕೆ ರಕ್ಷಣೆ ದೊರೆಯುವುದಿಲ್ಲ.

ಮಧುಮೇಹದ ವಿಚಾರವನ್ನು ಪ್ರತ್ಯೇಕವಾಗಿ ಹೇಳಬೇಕು. ಕುಷ್ಠ, ಶೋಷ, ಮಧುಮೇಹಗಳುಳ್ಳವರ ವ್ರಣಗಳು ಕಷ್ಟದಿಂದ ವಾಸಿಯಾಗುತ್ತವೆಂದು ಸುಶ್ರುತನು ಸ್ಪಷ್ಟವಾಗಿ ನುಡಿದಿದ್ದಾನೆ. ಕ್ವೀನ್ಸ್‌ಲ್ಯಾಂಡಿನ ವೈದ್ಯರಿಗೂ ಸಕ್ಕರೆ ಕಾಯಿಲೆಯು ಸೋಂಕಿನ ಕಾರಣಗಳಲ್ಲೊಂದಾಗಿ ಕಂಡಿತು. ಎರಡನೆಯ ಅಧ್ಯಯನದಲ್ಲಿ ಅಂಥ ಅಂತರ ಕಾಣಲಿಲ್ಲವೆಂಬುದು ನಿಜವಾದರೂ, ಹತೋಟಿಯಲ್ಲಿರುವ ಸಕ್ಕರೆಗೂ, ತನಗೆ ಆ ಕಾಯಿಲೆಯಿದೆಯೆಂಬ ಅರಿವೇ ಇಲ್ಲದವನ ಸಕ್ಕರೆಗೂ ಭೇದವಿದೆಯಷ್ಟೆ. ನಮ್ಮ ಹಳ್ಳಿಗಳಲ್ಲಿ ಎರಡನೆಯ ವರ್ಗದವರು ಕಡಿಮೆಯಿಲ್ಲ. ಬೆರಳ ತುದಿಯ ಒಂದು ಹನಿ ರಕ್ತದಿಂದ ತಿಳಿಯುವ ಸಂಗತಿಯನ್ನು ತಿಳಿಯದೆಯೇ ಕಾಲಿಗೆ ಶಸ್ತ್ರವಿಡುವುದು ಅವಸರವಲ್ಲದೆ ಬೇರೇನೂ ಅಲ್ಲ. ಬೀಡಿ, ತಂಬಾಕುಗಳೂ ರಕ್ತನಾಳಗಳನ್ನು ಸಂಕುಚಿಸಿ ಗಾಯ ಮಾಯುವುದನ್ನು ತಡಮಾಡುತ್ತವೆ.

ಇನ್ನು ವೈದ್ಯರ ಕಡೆಗೆ ಬರೋಣ. ಶಸ್ತ್ರಕ್ರಿಯೆಗೆ ಮುನ್ನ ಕೂದಲನ್ನು ಬ್ಲೇಡಿನಿಂದ ನುಣ್ಣಗೆ ಕೆರೆಯುವುದು ಶುಚಿತ್ವದ ಲಕ್ಷಣವೆಂದು ಕಾಣುವುದು ಸಹಜ. ಆದರೆ ಹಾಗೆ ಕೆರೆದಾಗ ಕಣ್ಣಿಗೆ ಕಾಣದ ಗೀರುಗಳಾಗಿ ಕ್ರಿಮಿಗಳಿಗೆ ನೆಲೆ ದೊರೆಯುವುದರಿಂದ, ಕೂದಲನ್ನು ಇದ್ದಂತೆಯೇ ಬಿಡಬೇಕು, ಅನಿವಾರ್ಯವಾದರೆ ಕ್ಲಿಪ್ಪರಿನಿಂದ ಕತ್ತರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ ವಿಧಿಸಿತು. ಶಸ್ತ್ರಕ್ರಿಯೆ ಮುಗಿದ ಮೇಲೆ ಕೇವಲ ಸೋಂಕನ್ನು ತಡೆಯುವ ಉದ್ದೇಶದಿಂದ ಆಂಟಿಬಯೋಟಿಕ್ ಮುಂದುವರಿಸಕೂಡದೆಂಬುದೂ ಅದೇ ಸಂಸ್ಥೆಯ ಮಾತು. ಇದನ್ನು ಕೇಳಲು ನಮ್ಮವರಿಗೆ ಇಷ್ಟವಿಲ್ಲ. ಐದು ದಿನದ ಗುಳಿಗೆ ಬರೆಯದ ಡಾಕ್ಟರನನ್ನು ಡಾಕ್ಟರನೆಂದು ಎಣಿಸುವವರೇ ವಿರಳ. ಆದರೆ ತೊಳೆಯದ ಕೈಯ ದೋಷವನ್ನು ನುಂಗಿದ ಗುಳಿಗೆಯು ಪರಿಹರಿಸಲಾರದೆಂಬುದು ಇಂದಿನ ಮಾತಲ್ಲ; ವೈದ್ಯ ಸೆಮ್ಮೆಲ್‌ವೈಸನು ವಿಯನ್ನಾದಲ್ಲಿ ಕೈತೊಳೆಯುವ ನಿಯಮವನ್ನು ತಂದುದು 1847ರಲ್ಲಿ, ಯಾವ ಆಂಟಿಬಯೋಟಿಕ್ಕೂ ಹುಟ್ಟುವ ಮುನ್ನ.

ಎಲ್ಲಕ್ಕಿಂತ ದೊಡ್ಡ ಅಡಚಣೆ ವಿಶ್ರಾಂತಿಯದು. ಮುಖದ ಹೊಲಿಗೆಯನ್ನು ಐದರಿಂದ ಏಳು ದಿನಗಳಲ್ಲಿ ಬಿಚ್ಚಬಹುದು. ಕಾಲಿನದಕ್ಕೆ ಹತ್ತರಿಂದ ಹದಿನಾಲ್ಕು ದಿನ ಬೇಕು. ತೊಗರಿ ರಾಶಿಯ ಹಂಗಾಮಿನಲ್ಲಿ ದಿನಗೂಲಿಯವಳಿಗೆ ‘ಹದಿನಾಲ್ಕು ದಿನ ಕಾಲು ಎತ್ತಿಟ್ಟು ಮಲಗವ್ವಾ’ ಎಂದು ಹೇಳುವುದು ಹಿತವಚನವಾದರೂ ಅವಳ ಅಡುಗೆಮನೆಯ ಲೆಕ್ಕಕ್ಕೆ ನಿಲುಕದು. ಆದುದರಿಂದ, ತಡಮಾಡಬಹುದಾದ ಆಣಿ, ಗಂಟುಗಳ ಶಸ್ತ್ರಕ್ರಿಯೆಯನ್ನು ಸುಗ್ಗಿ ಮುಗಿಯುವವರೆಗೆ ಮುಂದೂಡುವ ವಿವೇಚನೆಯು ಡಾಕ್ಟರಿಗೆ ಇರಬೇಕು. ಪಟ್ಟಿ ಬದಲಾಯಿಸಲು ತಾಲ್ಲೂಕು ಕೇಂದ್ರಕ್ಕೇ ಬರಬೇಕೆಂಬ ಪದ್ಧತಿಯನ್ನು ಬಿಟ್ಟು, ಹತ್ತಿರದ ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿಗೆ ಆ ಕೆಲಸವನ್ನು ಚೀಟಿಯ ಮೂಲಕ ವಹಿಸಬೇಕು. ಆ ಚೀಟಿಯಲ್ಲಿ ರಕ್ತದ ಸಕ್ಕರೆಯ ಅಂಕೆ, ಹೊಲಿಗೆ ಬಿಚ್ಚುವ ತಾರೀಖು, ಕೀವು ಅಥವಾ ಜ್ವರ ಕಂಡರೆ ಅದೇ ದಿನ ಎಲ್ಲಿಗೆ ಬರಬೇಕೆಂಬ ವಿವರ, ಈ ಮೂರನ್ನು ಕನ್ನಡದಲ್ಲಿ, ಓದಲು ಬರುವಂಥ ಅಕ್ಷರಗಳಲ್ಲಿ ಬರೆದುಕೊಡಬೇಕು.